ಸ್ಪೇನಿನಲ್ಲಿ ‘ಹೋಗ್ಬತ್ತೀನಿ’

ಸ್ಪೇನಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಕೊಡ್ಲಿಪೇಟೆಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಗೂಳಿ ಕಾಳಗ ನೋಡಿದ್ರಾ ಗೌಡ್ರೇ?” ನೋಡಲಿಲ್ಲ. ಅರಮನೆಯನ್ನೂ ನೋಡಲಿಲ್ಲ, ಚಿತ್ರಶಾಲೆಯನ್ನೂ ನೋಡಲಿಲ್ಲ. ನಾನು ನೋಡಿದ್ದು ಬಾಗಿಲುಗಳನ್ನು, ಅದರಲ್ಲೂ ಹೆಚ್ಚಿನವು ಮುಚ್ಚಿದ ಬಾಗಿಲುಗಳು. ಹದಿನಾರು ವರ್ಷದ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಟೋಪಿ ಕೈಯಲ್ಲಿ ಹಿಡಿದು, “ಬೇಸಿಗೆ ಮುಗಿಯುವ ತನಕ ಇವಳನ್ನು ಇಟ್ಟುಕೊಳ್ಳುತ್ತೀರಾ?” ಎಂದು ಕೇಳುತ್ತ ಅಲೆದವನ ಕಣ್ಣಿಗೆ ಗೂಳಿ ಎಲ್ಲಿ ಬೀಳಬೇಕು? ಖರ್ಚೆಷ್ಟಾಯಿತು ಎಂದೂ ಕೆಲವರು ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನೆನೆಸಿಕೊಂಡರೆ ಈಗಲೂ ಎದೆ ಹಿಡಿದುಕೊಳ್ಳುತ್ತದೆ.

ಕೊಡ್ಲಿಪೇಟೆ

ಇದೆಲ್ಲ ಶುರುವಾದದ್ದು ಒಂದು ಹುಳದಿಂದ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವಷ್ಟೆ. ನನ್ನ ಕೈ ಇನ್ನೂ ವಿಳಾಸದ ಕೊನೆಗೆ ‘ಕೂರ್ಗ್’ ಎಂದು ಬರೆದು, ಆಮೇಲೆ ಹೊಡೆದು ಹಾಕುತ್ತಿತ್ತು. ಆಗ ಮಧ್ಯ ಅಮೆರಿಕದ ಕಾಫಿ ವಿಜ್ಞಾನಿಯೊಬ್ಬರು ನಮ್ಮ ತೋಟ ನೋಡಲು ಬಂದರು. ಕಾಂಡಕೊರಕ ಹಿಡಿದ ಗಿಡ ಯಾವುದೆಂದು ಅವರಿಗೆ ತೋರಿಸಿದವಳು ನನ್ನ ಮಗಳು ಸರೋಜ. ಗಿಡದ ಬುಡದ ಮೇಲೆ ಬೆರಳಾಡಿಸಿ, ಎಲ್ಲಿ ಉಬ್ಬಿದೆಯೋ ಅಲ್ಲಿ ಸೀಳಿಸಿ, ಒಳಗಿದ್ದ ಹುಳವನ್ನು ಅಂಗೈ ಮೇಲಿಟ್ಟು ಅವರ ಮೂಗಿನ ಹತ್ತಿರ ಹಿಡಿದಳು. ಅವರಿಗೆ ಹುಳಕ್ಕಿಂತ ಹುಡುಗಿಯೇ ಹಿಡಿಸಿಬಿಟ್ಟಳು.

ಊರಿಗೆ ಹೋಗಿ ಬರೆದರು: ತಮ್ಮಲ್ಲಿ ಕಾಫಿ ಬೇಸಾಯ ಕಲಿಸುವ ಶಾಲೆಯಿದೆ, ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ, ಮೂರು ವರ್ಷ ಊಟ ವಸತಿ ಅವರದೇ. ಆದರೆ ಪಾಠವೆಲ್ಲ ಸ್ಪ್ಯಾನಿಷ್‌ನಲ್ಲಿ. ಸೆಪ್ಟೆಂಬರಿನಲ್ಲಿ ಶಾಲೆಯ ಪ್ರೊಫೆಸರೊಬ್ಬರು ಸ್ಪೇನಿನ ಮ್ಯಾಡ್ರಿಡ್‌ಗೆ ಬರುತ್ತಾರೆ, ಹುಡುಗಿ ಅವರೆದುರು ಕೂತು ಸ್ಪ್ಯಾನಿಷ್‌ನಲ್ಲಿ ಮಾತಾಡಬೇಕು. ಮಾತಾಡಿದರೆ ಅಲ್ಲಿಂದಲೇ ಅಮೆರಿಕದ ಹಡಗು, ತಡವರಿಸಿದರೆ ಮನೆ. ಜೊತೆಗೆ ಒಂದು ವ್ಯಾಕರಣದ ಪುಸ್ತಕ, ಒಂದು ಕಟ್ಟು ಗ್ರಾಮಫೋನ್ ಪ್ಲೇಟುಗಳನ್ನೂ ಕಳಿಸಿದ್ದರು. ಒಂದಿಡೀ ಮಳೆಗಾಲ ನಮ್ಮ ಜಗಲಿಯಲ್ಲಿ ಒಬ್ಬ ಗಂಡಸು ಸ್ಪ್ಯಾನಿಷ್‌ನಲ್ಲಿ ಗುಡುಗಿದ. “ಅದ್ಯಾರ್ ಸಾಮಿ ಒಳಗಡೆ ಬೈತಿರೋದು?” ಎಂದು ತೋಟದಾಳುಗಳ ಲೈನಿನ ಹೆಂಗಸರು ಕೇಳುತ್ತಿದ್ದರು.

ಪ್ಲೇಟು ಮಾತಾಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಸುತ್ತ ಅದೇ ಭಾಷೆ ಆಡುವ ಜನರ ನಡುವೆ ಒಂದು ಬೇಸಿಗೆ ಕಳೆದರೆ ನಾಲಿಗೆ ಹೊರಳುತ್ತದೆ ಎಂದು ವಿಜ್ಞಾನಿಗಳೇ ಉತ್ತರ ಸ್ಪೇನಿನ ಒಂದು ಬೇಸಿಗೆ ಶಿಬಿರದ ವಿಳಾಸ ಕೊಟ್ಟರು. ಬರೆದೆವು, ಬನ್ನಿ ಎಂದು ಉತ್ತರ ಬಂತು. ಮಗಳನ್ನು ಶಿಬಿರಕ್ಕೆ ಬಿಟ್ಟು, ಗೊತ್ತು ಮಾಡಿದ್ದ ಹಡಗಿನಲ್ಲಿ ನಾನು ಹಿಂದಿರುಗುವುದು ಎಂದು ತೀರ್ಮಾನವಾಯಿತು.

ಹೊರಟ ದಿನ ಜೀಪು ಅಂಗಳದಲ್ಲಿ ಗುರುಗುಡುತ್ತಿತ್ತು. ಸರೋಜ ಹಾರಿ ಕೂತು, “ಅಜ್ಜೀ, ನಾನ್ ಹೊಂಟೆ!” ಎಂದು ಕೈ ಬೀಸಿದಳು. ತಾಯಿಯಿಲ್ಲದ ಆ ಮಗುವನ್ನು ಎತ್ತಿ ಆಡಿಸಿ ಬೆಳೆಸಿದವಳು ನನ್ನ ಅವ್ವ. ಅವಳ ಮುಖ ಕಪ್ಪಿಟ್ಟಿತು.

“ಇಳಿಯೇ ಕೆಳಗೆ!”

“ಯಾಕಜ್ಜಿ? ರೈಲ್ ತಪ್ಪೋಗ್ತದೆ.”

“ತಪ್ಪೋಗ್ಲಿ. ಹೊಂಟೆ ಅಂತಾಳಂತೆ, ಹೊಂಟೆ! ಹಂಗಂದು ಹೋದೋರು ತಿರುಗಿ ಬರಾಕಿಲ್ಲ. ಒಳೀಕ್ ಬಾ. ಕೂತ್ಕೊ. ನೀರ್ ಕುಡಿ. ಆಮೇಲ್ ಸರ್ಯಾಗ್ ಹೇಳು.”

ಸರೋಜ ಒಳಗೆ ಹೋಗಿ ಕೂತು, ನೀರು ಕುಡಿದು, “ಹೋಗ್ಬತ್ತೀನಜ್ಜಿ” ಎಂದಳು.

“ಹಾಂ, ಹೋಗ್ಬಾ. ಯಾರ್ ಮನೆ ಹೊಸ್ಲು ದಾಟುವಾಗ್ಲೂ ಈ ಮಾತ್ ಮರೀಬ್ಯಾಡ. ಬಿಳೀ ಜನದ ಮನೆಯಾದ್ರೂ ಅಷ್ಟೇಯ.”

ರೈಲು ತಪ್ಪಲಿಲ್ಲ. ಆದರೆ ಹಾಸನದ ತನಕ ನಾನು ಉಸಿರು ಬಿಗಿಹಿಡಿದೇ ಕೂತಿದ್ದೆ.

ಇರೂನ್

ಹಡಗಿನ ಕಥೆ ಬೇಡ, ನಾನು ಮಲಗಿಯೇ ಇದ್ದೆ. ಮಾರ್ಸೇಲ್ಸ್‌ನಲ್ಲಿ ಇಳಿದು, ಫ್ರಾನ್ಸನ್ನು ರೈಲಿನಲ್ಲಿ ದಾಟಿ, ಇರೂನ್ ಎಂಬ ಗಡಿ ಊರಿಗೆ ಬಂದೆವು. ಸ್ಪೇನಿನ ಹಳಿ ಫ್ರಾನ್ಸಿನದಕ್ಕಿಂತ ಅಗಲವಂತೆ. ಪುಣೆಯಲ್ಲಿ ಸಣ್ಣ ರೈಲಿನಿಂದ ದೊಡ್ಡ ರೈಲಿಗೆ ಗಂಟುಮೂಟೆ ಸಾಗಿಸಿದ ಹಾಗೆಯೇ ಇಲ್ಲೂ ಸಾಗಿಸಬೇಕಾಯಿತು. ಕೂಲಿಗಳ ಕೂಗಾಟವೂ ಅದೇ. ಸ್ವಲ್ಪ ಧೈರ್ಯ ಬಂತು.

ಆ ಧೈರ್ಯ ತಪಾಸಣೆಯ ಮೇಜಿನ ತನಕವಷ್ಟೇ. ಮಿರುಗುವ ವಿಚಿತ್ರ ಟೋಪಿಯ ಪೊಲೀಸರು ಬಂದೂಕು ಹಿಡಿದು ನಿಂತಿದ್ದರು. ಅಧಿಕಾರಿ ನನ್ನ ಪೆಟ್ಟಿಗೆ ತೆರೆದು, ಕಾಫಿಪುಡಿಯ ಡಬ್ಬಿ ಮೇಲೆತ್ತಿ, ನನ್ನ ಮುಖ ನೋಡಿ ಗಡಸಾಗಿ ಅಂದ: “ಬಿಸಾದೊ!”

ನನಗೆ ಕೇಳಿಸಿದ್ದು ‘ಬಿಸಾಡು’. ನಮ್ಮ ತೋಟದ ಅರೇಬಿಕಾ, ಅವ್ವ ನಿಂತು ಹುರಿಸಿದ್ದು, ಸಮುದ್ರ ದಾಟಿ ತಂದದ್ದು. ಡಬ್ಬಿ ಕಿತ್ತುಕೊಂಡು ಎದೆಗವಚಿಕೊಂಡೆ. “ಬಿಸಾಡಲ್ಲ ಕಣಯ್ಯ! ಏನ್ ಬೇಕಾದ್ರೂ ಮಾಡ್ಕೊ!” ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಬಂದೂಕಿನವನು ಒಂದು ಹೆಜ್ಜೆ ಮುಂದೆ ಬಂದ.

“ಅಪ್ಪಾಜಿ, ಅಪ್ಪಾಜಿ,” ಸರೋಜ ನನ್ನ ಕೈ ಹಿಡಿದಳು. “ಅದು ವೀಸಾ ಅಪ್ಪಾಜಿ. ವಿಸಾದೊ ಅಂತ ಬರ್ದು ಬಿಸಾದೊ ಅಂತಾರೆ. ಇವ್ರಲ್ಲಿ ವ ಎಲ್ಲಾ ಬ. ತಮಿಳ್ರು ‘ವಾ’ ಅನ್ನೋದನ್ನ ನಾವು ‘ಬಾ’ ಅನ್ನಲ್ವಾ, ಹಂಗೆ.”

ವೀಸಾ ತೋರಿಸಿದೆವು. ಅವನು ನಿಧಾನವಾಗಿ ಓದಿದ, ಒಳಗೆ ತೆಗೆದುಕೊಂಡು ಹೋದ, ಬಹಳ ಹೊತ್ತು ಬರಲಿಲ್ಲ. ನಮ್ಮ ರೈಲು ಹೊರಡುವ ಗಂಟೆ ಹೊಡೆದ ಮೇಲೆ ಬಂದು ಮುದ್ರೆ ಒತ್ತಿದ. ಓಡಿ ಹತ್ತಿದೆವು. ಮಗಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾನು ಮಾತ್ರ ಡಬ್ಬಿಯನ್ನು ತೊಡೆಯಿಂದ ಕೆಳಗಿಡಲಿಲ್ಲ.

ಸಾಂತಾಂದೆರ್

ಶಿಬಿರವಿದ್ದದ್ದು ಸಾಂತಾಂದೆರ್ ಎಂಬ ಕಡಲ ತೀರದ ಊರಿನ ಹೊರಗೆ. ಉಳಿಯಲು ಒಂದು ವಸತಿ ಮನೆ ಹಿಡಿದೆವು. ಯಾರು ನೀವು ಎಂದು ಮನೆಯೊಡತಿ ಕೇಳಿದ್ದಕ್ಕೆ ಸರೋಜ ಠೀವಿಯಿಂದ “ಇಂದಿಯಾನೊಸ್” ಎಂದಳು. ತಗೊಳ್ಳಿ, ಉಪಚಾರವೋ ಉಪಚಾರ! ಕಡಲು ಕಾಣುವ ಕೋಣೆ, ಕಸೂತಿಯ ಹಾಸಿಗೆ. ಬಂಗಲೆ ಎಲ್ಲಿ ಕಟ್ಟಿಸುತ್ತೀರಿ ಎಂದು ಬೇರೆ ಕೇಳಿದಳು. ಆಮೇಲೆ ತಿಳಿಯಿತು, ಆ ಸೀಮೆಯಲ್ಲಿ ಅಮೆರಿಕಕ್ಕೆ ಹೋಗಿ ಹಣ ಮಾಡಿ ಹಿಂದಿರುಗಿದವರಿಗೆ ಇಂದಿಯಾನೊ ಎನ್ನುತ್ತಾರೆ. ನಾವು ಭಾರತದವರೆಂದು ತಿಳಿದ ಮೇಲೂ ಆ ಪುಣ್ಯಾತ್ಗಿತ್ತಿ ಕೋಣೆ ಬಿಡಿಸಲಿಲ್ಲ. ಆದರೆ ಅವಳ ಕಾಫಿ! ಬೀಜವನ್ನು ಸಕ್ಕರೆ ಹಾಕಿ ಕರಿಯಾಗುವ ತನಕ ಹುರಿಯುತ್ತಾರೆ. ಚಿಕೋರಿ ಬೆರೆಸುವವರನ್ನು ಊರಲ್ಲಿ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಅವರೆಲ್ಲ ನನ್ನನ್ನು ಕ್ಷಮಿಸಬೇಕು.

ಶಿಬಿರದ ಬಾಗಿಲು ತೆರೆದೇ ಇತ್ತು. ಹುಲ್ಲು ಹಾಸು, ಟೆನ್ನಿಸ್ ಅಂಗಳ, ಇಂಗ್ಲೆಂಡಿನಿಂದಲೂ ಹಾಲೆಂಡಿನಿಂದಲೂ ಬಂದ ಹುಡುಗಿಯರು. ನಿರ್ದೇಶಕರ ಇಂಗ್ಲಿಷ್ ನನ್ನ ಇಂಗ್ಲಿಷಿಗಿಂತ ಸೊಗಸಾಗಿತ್ತು. ಬೊಂಬಾಯಿ ಬಿಟ್ಟ ಮೇಲೆ ಮೊದಲ ಸಲ ನನಗೆ ಎಲ್ಲವೂ ಅರ್ಥವಾಗುತ್ತಿತ್ತು. ಖುಷಿಯಾಗಿ ಕೂತಿದ್ದೆ. ಊಟದ ಮನೆ ನೋಡಲು ಹೋಗಿದ್ದ ಸರೋಜ ಮುಖ ಬಿಗಿದುಕೊಂಡು ಬಂದಳು.

“ಅಪ್ಪಾಜಿ, ಇಲ್ಲಿ ನಂಗೆ ಬ್ಯಾಡ.”

“ಯಾಕೆ? ಊಟ ಸರಿಯಿಲ್ವಾ?”

“ಊಟ ಚೆನ್ನಾಗೈತೆ. ಎಲ್ರೂ ಇಂಗ್ಲಿಷ್ ಮಾತಾಡ್ತಾರೆ. ಉಪ್ಪು ಕೊಡಿ ಅಂತ ಸ್ಪ್ಯಾನಿಷಲ್ಲಿ ಕೇಳಿದ್ರೆ, ಪಾಠ ಮುಗೀತಲ್ಲ, ಇನ್ಯಾಕೆ ಅಂದ್ಲು ಒಬ್ಳು.”

“ಬೆಳಿಗ್ಗೆ ಪಾಠ ಮಾಡ್ತಾರಲ್ಲ?”

“ಪಾಠ ಪ್ಲೇಟಲ್ಲೂ ಐತೆ. ನಂಗೆ ಮಲಯಾಳ ಯಾವ್ ಮೇಷ್ಟ್ರು ಕಲಿಸಿದ್ರು? ಲೈನಿನ ಮಕ್ಕಳ ಜೊತೆ ಆಡಿ ಬಂತು. ಹುದಿಕೇರಿ ಫ್ರೆಂಡ್ ಮನೇಲಿ ಒಂದ್ ರಜ ಇದ್ದಿದ್ದಕ್ಕೆ ಕೊಡವ ತಕ್ಕ್ ಬಂತು. ಅವ್ರ್ಯಾರೂ ನನ್ ಜೊತೆ ಕನ್ನಡ ಮಾತಾಡ್ಲಿಲ್ಲ, ಅದಕ್ಕೇ ಬಂತು. ಇಲ್ಲಿದ್ರೆ ಟೆನ್ನಿಸ್ ಬರ್ತದೆ ಅಷ್ಟೆ.”

ನನಗೆ ಸಿಟ್ಟು ನೆತ್ತಿಗೇರಿತು. ಸಮುದ್ರ ದಾಟಿ ಬಂದು, ತೆರೆದ ಬಾಗಿಲೆದುರು ನಿಂತು ಬೇಡ ಎನ್ನುವುದೆಂದರೇನು? ರಸ್ತೆಯಲ್ಲೇ ನಿಲ್ಲಿಸಿ ಬೈದೆ. ಹೋಗುವವರು ತಿರುಗಿ ನೋಡಿದರು. ಅವಳು ಅಳಲಿಲ್ಲ, ವಾದಿಸಲೂ ಇಲ್ಲ. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು, ಸಿಟ್ಟು ಏರುತ್ತಿದ್ದುದೂ ಅದಕ್ಕೇ. ನನ್ನ ಹಡಗು ಕಾಯುವುದಿಲ್ಲ. ಅಷ್ಟರೊಳಗೆ ಬೇರೆ ಜಾಗ ಸಿಗದಿದ್ದರೆ ಇಬ್ಬರೂ ಊರಿಗೆ ಎಂದು ಹೇಳಿದೆ. “ಆಗ್ಲಿ” ಎಂದಳು.

ಇನ್ನಷ್ಟು ಬಾಗಿಲು

ಒಂದು ಕಡೆ ಪಾದ್ರಿಗಳು ನಡೆಸುವ ಶಿಬಿರ, ಬರೀ ಗಂಡುಹುಡುಗರಿಗೆ. ಇನ್ನೊಂದು ಕಡೆ ಡೇರೆಗಳಲ್ಲಿ ಹುಡುಗಿಯರಿದ್ದರು, ಆದರೆ ಬೆಳಿಗ್ಗೆ ಎದ್ದು ಕೈ ನೀಡಿ ಬಾವುಟಕ್ಕೆ ಸಲಾಮು, ಕವಾಯತು. ಅಲ್ಲಿನ ಹೆಂಗಸು ನಮ್ಮನ್ನು ಅಡಿಯಿಂದ ಮುಡಿಯ ತನಕ ನೋಡಿ, ಪರದೇಶದವರಿಗೆ ಜಾಗವಿಲ್ಲ ಎಂದಳು. ನನಗೂ ಸಮಾಧಾನವೇ ಆಯಿತು. ಮೂರನೆಯದರಲ್ಲಿ ಬಾಗಿಲನ್ನೇ ತೆರೆಯಲಿಲ್ಲ, ಕಿಟಕಿಯಿಂದಲೇ ಕೈಯಾಡಿಸಿದರು. ನಮ್ಮೂರಲ್ಲಿ ಬಳೆ ಮಾರುವವನನ್ನಾದರೂ ಜಗಲಿಗೆ ಕರೆದು ನೀರು ಕೊಟ್ಟು ಬೇಡ ಎನ್ನುತ್ತಾರೆ.

ಹಡಗಿನ ರೇವಿಗೆ ಹೊರಡಲು ಎರಡೇ ದಿನ ಉಳಿದಾಗ ವಸತಿ ಮನೆಯೊಡತಿ ಒಂದು ದಾರಿ ತೋರಿಸಿದಳು. ಕರಾವಳಿ ಬಸ್ಸಿನ ಕೊನೆಯಲ್ಲಿ ಮೀನುಗಾರರ ಹಳ್ಳಿ, ಅದರ ಮೇಲೆ ಗುಡ್ಡದಲ್ಲಿ ಸಿಸ್ಟರುಗಳ ಮನೆ. ಗಣಿ ಕೆಲಸದವರ ಮಕ್ಕಳನ್ನು ಬೇಸಿಗೆಗೆ ಕಡಲ ಗಾಳಿ ಕುಡಿಸಲು ಅಲ್ಲಿಗೆ ಕರೆತರುತ್ತಾರೆ. “ಅಲ್ಲಿ ನಾಯಿಯೂ ಸ್ಪ್ಯಾನಿಷ್‌ನಲ್ಲೇ ಬೊಗಳುತ್ತದೆ” ಎಂದಳಂತೆ. ಸರೋಜ ಆಗಲೇ ಎದ್ದು ನಿಂತಿದ್ದಳು.

ಗುಡ್ಡದ ಮನೆ

ಗುಡ್ಡ ಹತ್ತುವಾಗ ಒಂದು ಕ್ಷಣ ಊರಿನ ಹತ್ತಿರವೇ ಎಲ್ಲೋ ಇದ್ದೇನೆ ಅನ್ನಿಸಿತು. ಅದೇ ಜಿನುಗು ಮಳೆ, ಜರಿಗಿಡ, ಜಾರುವ ಕಲ್ಲು. ಮೇಲಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಸರೋಜ ನಿಂತು ಕಿವಿಗೊಟ್ಟು, “ಕೇಳಿ ಅಪ್ಪಾಜಿ, ಜಗಳ ಕೂಡ ಸ್ಪ್ಯಾನಿಷಲ್ಲೇ ಆಡ್ತಾವೆ” ಎಂದಳು. ಅವಳ ಮುಖದಲ್ಲಿ ಅಂಥ ಆಸೆ ನಾನು ಆ ಪ್ರಯಾಣದಲ್ಲಿ ಕಂಡಿರಲಿಲ್ಲ.

ಎಲ್ಲರೂ ಮಾದ್ರೆ, ಅಂದರೆ ತಾಯಿ, ಎಂದು ಕರೆಯುವ ಹಿರಿಯ ಸಿಸ್ಟರು ಎತ್ತರದ ಮುದುಕಿ, ನಗುವುದನ್ನು ಮರೆತವರಂತಿದ್ದರು. ನಮ್ಮನ್ನು ಕೂರಿಸಿ ಎಲ್ಲ ಕೇಳಿದರು. ಸರೋಜ ಪುಸ್ತಕದ ವಾಕ್ಯಗಳನ್ನು ಒಂದೊಂದಾಗಿ ಜೋಡಿಸಿ ಉತ್ತರಿಸುತ್ತ, ನಡುನಡುವೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹೆಸರನ್ನು ಸಿಸ್ಟರು ಓದಿದ್ದು ‘ಸರೋಖ’ ಎಂದು, ಅವರ ಬಾಯಲ್ಲಿ ಜ ಎಲ್ಲ ಖ. ಪ್ರಾರ್ಥನೆಗೆ ಕೂರುತ್ತಾಳಾ? ಕೂರುತ್ತಾಳೆ. ಇಟ್ಟದ್ದು ಉಣ್ಣುತ್ತಾಳಾ? ಉಣ್ಣುತ್ತಾಳೆ. ಒಂದು ಹಾಸಿಗೆ ಖಾಲಿಯಿದೆ. ನನ್ನ ಎದೆ ಹಗುರಾಯಿತು.

ಆಗ ಸಿಸ್ಟರು ಕೈಜೋಡಿಸಿ ಮೇಜಿನ ಮೇಲಿಟ್ಟು ನಿಧಾನವಾಗಿ ಒಂದು ಮಾತು ಹೇಳಿದರು. ಸರೋಜಳ ಮುಖ ಇಳಿಯಿತು.

“ಏನಂತೆ?”

“ನಾಳೆ ನಂಗೆ ಜ್ವರ ಬಂದ್ರೆ, ಪೊಲೀಸ್ರು ಬಂದು ಕೇಳಿದ್ರೆ, ಹೊಣೆ ಯಾರು ಅಂತಾರೆ. ಈ ಹಳ್ಳಿಯೋರು ಯಾರಾದ್ರೂ ಹೊಣೆ ನಿಲ್ಬೇಕಂತೆ. ಇವತ್ತು ಸಂಜೆ ಗಂಟೆ ಹೊಡೆದ್ಮೇಲೆ ಗೇಟ್ ಹಾಕ್ತಾರೆ. ಆಮೇಲ್ ಯಾರ್ನೂ ಸೇರಿಸಲ್ವಂತೆ.”

ಈ ಹಳ್ಳಿಯಲ್ಲಿ ನಮಗೆ ಪರಿಚಯದ ಕಾಗೆಯೂ ಇರಲಿಲ್ಲ. ಎದ್ದೆವು. ನಾನು ಕೈ ಮುಗಿದೆ. ಹೊಸ್ತಿಲು ದಾಟುವಾಗ ಸರೋಜ ನಿಂತು, ತಿರುಗಿ, ಅಜ್ಜಿ ಕಲಿಸಿದ್ದನ್ನು ಅಕ್ಷರಕ್ಕೆ ಅಕ್ಷರ ಸ್ಪ್ಯಾನಿಷ್‌ಗಿಟ್ಟು ಹೇಳಿದಳು: “ಬೊಯ್ ಇ ಬೆಂಗೊ.” ಹೋಗಿ ಬರುತ್ತೇನೆ.

ಸಿಸ್ಟರು ಹುಬ್ಬೇರಿಸಿ, ತಲೆಯಾಡಿಸಿದರು. ಅದನ್ನು ನಾನು ಕಂಡೆ, ಆದರೆ ಅದಕ್ಕೇನೂ ಅರ್ಥ ಹಚ್ಚಲಿಲ್ಲ.

ಪಿಲಾರಮ್ಮನ ಅಂಗಡಿ

ಬಸ್ಸು ನಿಲ್ಲುವ ಕಡೆ ಅರ್ಧ ದಿನಸಿ, ಅರ್ಧ ಕಾಫಿಯ ಒಂದು ಅಂಗಡಿ. ಒಡತಿಯ ಹೆಸರು ಪಿಲಾರ್. ನನ್ನ ಬಾಯಲ್ಲಿ ಅವರು ಆ ಗಳಿಗೆಯಿಂದಲೇ ಪಿಲಾರಮ್ಮ. ಕರಿ ಬಟ್ಟೆ ತೊಟ್ಟ ದಪ್ಪ ಹೆಂಗಸು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಕೂರಿಸಿ, ಅದೇ ಸುಟ್ಟ ಸಕ್ಕರೆಯ ಕಾಫಿ ತಂದಿಟ್ಟರು.

“ಬಸ್ ಬಂದ್ರೆ ಹತ್ತೋದು. ನಾಡಿದ್ದು ರೇವಿಗೆ,” ಎಂದೆ ನಾನು. “ನಿನ್ ಹಟ ಸಾಕು. ಪ್ರೊಫೆಸರೂ ಬ್ಯಾಡ, ಶಾಲೆಯೂ ಬ್ಯಾಡ.”

ಸರೋಜ ನನ್ನ ಜೊತೆ ಕನ್ನಡ ಮಾತಾಡುವುದನ್ನೇ ಬಿಟ್ಟಳು. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಪಿಲಾರಮ್ಮನ ಕಡೆ ತಿರುಗಿ, ಲೋಟ ತೋರಿಸಿ ಮೂಗು ಮುರಿದು ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದಳು. ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟರು. ಈ ಕಾಫಿ ಕೆಟ್ಟದಾಗಿದೆ ಎಂದು ನನ್ನ ಮಗಳು ಮುಖಕ್ಕೇ ಹೇಳಿಬಿಟ್ಟಿದ್ದಳು! ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅವಳು ನನ್ನ ಚೀಲದಿಂದ ಡಬ್ಬಿ ತೆಗೆದು ಮೂಗಿಗೆ ಹಿಡಿದಾಗಿತ್ತು. ಪಿಲಾರಮ್ಮ ಮೂಸಿ ನೋಡಿ, ಒಲೆಯತ್ತ ಕೈ ತೋರಿಸಿದರು.

ಅವರ ಒಲೆಯಲ್ಲಿ ನೀರು ಕುದಿಸಿ, ಅವರ ಬಟ್ಟೆಯ ಶೋಧಕದಲ್ಲೇ ಇಳಿಸಿ, ನಮ್ಮ ಕಾಫಿ ಮಾಡಿಕೊಟ್ಟೆ. ಪಿಲಾರಮ್ಮ ತಳ ಕಾಣುವ ತನಕ ಕುಡಿದರು. ಆಮೇಲೆ ಎದ್ದು ಮತ್ತೊಂದು ಲೋಟದಲ್ಲಿ ಸ್ವಲ್ಪ ಹಾಕಿ ಗೋಡೆಯ ಮೇಲಿದ್ದ ಒಂದು ಫೋಟೋದ ಕೆಳಗೆ ಇಟ್ಟರು. ಹರೆಯದ ಹುಡುಗ, ಕ್ರಾಪು ಚೆನ್ನಾಗಿ ಬಾಚಿತ್ತು. ಮಗನೇ ಎಂದು ಸರೋಜ ಕೇಳಿದಳು. ಹೌದು, ಸಮುದ್ರದಾಚೆ ಹವಾನಾಕ್ಕೆ ಹೋದವನು ಎಂದರು.

ಒಂಬತ್ತಾಗುತ್ತ ಬಂದರೂ ಅಲ್ಲಿ ಹೊತ್ತು ಮುಳುಗಿರಲಿಲ್ಲ. ಬೇಸಿಗೆಯಲ್ಲಿ ಆ ದೇಶದ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇಲ್ಲ. ಗುಡ್ಡದ ಮೇಲೆ ಗಂಟೆ ಹೊಡೆಯಿತು. ಮುಗಿಯಿತು ಎಂದುಕೊಂಡೆ. ಸರೋಜ ಕಿಟಕಿಯ ಕಡೆ ಮುಖ ಮಾಡಿ ಕೂತಳು, ಅವಳ ಬೆನ್ನು ನೋಡಲಾರದೆ ನಾನು ರಸ್ತೆ ನೋಡಿದೆ. ದೂರದ ತಿರುವಿನಲ್ಲಿ ಬಸ್ಸು ಕಂಡಿತು.

ಅದೇ ಹೊತ್ತಿಗೆ ಗುಡ್ಡದ ದಾರಿಯಲ್ಲಿ ಎಳೆ ವಯಸ್ಸಿನ ಸಿಸ್ಟರೊಬ್ಬರು ಲಂಗ ಎತ್ತಿ ಹಿಡಿದು ಓಡಿ ಬರುತ್ತಿದ್ದರು. ಏದುಸಿರು ಬಿಡುತ್ತ ಒಳಗೆ ನುಗ್ಗಿ, ಸರೋಜಳನ್ನು ಕಂಡು ಕೈ ಬೀಸಿ ಬೀಸಿ ಬೈಯತೊಡಗಿದರು. ನನಗೆ ತಿಳಿದದ್ದು ‘ಸೋಪ’ ಎಂಬ ಒಂದೇ ಪದ, ಸೂಪು.

ಸರೋಜ ಬೆಪ್ಪಾಗಿ ನನ್ನ ಕಡೆ ತಿರುಗಿದಳು. “ಅಪ್ಪಾಜಿ, ಅವ್ರು ಗೇಟ್ ಹಾಕಿಲ್ವಂತೆ. ಗಂಟೆ ಹೊಡೆದ್ಮೇಲೂ ಕಾಯ್ತಾವ್ರಂತೆ. ಮಕ್ಕಳೆಲ್ಲ ಸೂಪ್ ಮುಂದಿಟ್ಕಂಡು ಕೂತಾವಂತೆ. ಒಬ್ಳು ಬರೋದೈತೆ, ಬಂದ್ಮೇಲೆ ಊಟ ಅಂದ್ರಂತೆ ದೊಡ್ಡ ಸಿಸ್ಟರು.”

“ಯಾಕೆ? ನಾವೇನ್ ಹೇಳಿದ್ವಿ?”

“ಬೊಯ್ ಇ ಬೆಂಗೊ ಅಂದ್ನಲ್ಲ. ಇವ್ರಲ್ಲಿ ಹಂಗಂದ್ರೆ ‘ಇಗೋ, ಈಗ್ ಬಂದೆ’ ಅಂತ. ಹೊಣೆ ನಿಲ್ಲೋರ್ನ ಕರ್ಕೊಂಡ್ ಬರಾಕ್ ಹೋದ್ಲು ಅನ್ಕಂಡವ್ರೆ.”

ಬಸ್ಸು ಬಂದು ನಿಂತಿತು. ಹಾರನ್ ಹೊಡೆಯಿತು. ನಾನು ಚೀಲ ಕೈಗೆತ್ತಿಕೊಂಡವನು ಹಾಗೇ ನಿಂತೆ. ಅಷ್ಟು ಮಕ್ಕಳು ನಮಗಾಗಿ ಹಸಿದು ಕೂತಿರುವಾಗ ಹೇಳದೆ ಕೇಳದೆ ಬಸ್ಸು ಹತ್ತುವುದು ಹೇಗೆ? ಬಸ್ಸು ಹೋಯಿತು. ನಾವು ಗುಡ್ಡ ಹತ್ತಿದೆವು. ಪಿಲಾರಮ್ಮ ಅಂಗಡಿಯನ್ನು ತೆರೆದೇ ಬಿಟ್ಟು, ಶಾಲು ಹೊದ್ದು, ಏನಾಗುತ್ತದೆ ನೋಡೋಣ ಎಂದು ಹಿಂದೆಯೇ ಬಂದರು.

ಮತ್ತೆ ಗುಡ್ಡ

ಹಿರಿಯ ಸಿಸ್ಟರು ಗೇಟಿನಲ್ಲೇ ನಿಂತಿದ್ದರು. ನಮ್ಮ ಹಿಂದೆ ಪಿಲಾರಮ್ಮನನ್ನು ಕಂಡು, ಇವರೇ ಹೊಣೆಯೋ ಎಂಬಂತೆ ನೋಡಿ ಏನೋ ಕೇಳಿದರು.

“ಹೌದು ಅಂತ ಹೇಳ್ಬಿಡು,” ಎಂದು ನಾನು ಪಿಸುಗುಟ್ಟಿದೆ. “ಆಮೇಲ್ ನೋಡ್ಕಳಾಣ.”

ಸರೋಜ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಸಿಸ್ಟರ ಕಡೆ ತಿರುಗಿ ಮಾತಾಡತೊಡಗಿದಳು. ಅವಳು ಹೇಳಿದ್ದೇನೆಂದು ಆ ಮೇಲೆ ಕೇಳಿ ತಿಳಿದುಕೊಂಡೆ: “ಇಲ್ಲ ಮಾದ್ರೆ, ನಾವು ಬರುವವರಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದೆವು. ನಮ್ಮೂರಲ್ಲಿ ಹೊರಡುವಾಗ ಹೋಗುತ್ತೇನೆ ಅಂತ ಯಾರೂ ಹೇಳುವುದಿಲ್ಲ. ಅಂಗಡಿಗೆ ಹೋಗಲಿ, ಸಮುದ್ರ ದಾಟಿ ಹೋಗಲಿ, ಹೋಗಿ ಬರುತ್ತೇನೆ ಅಂತಲೇ ಹೇಳಬೇಕು. ಹೋಗುತ್ತೇನೆ ಅಂದವರು ಬರುವುದಿಲ್ಲ ಅಂತ ನನ್ನ ಅಜ್ಜಿ ಹೇಳುತ್ತಾಳೆ. ಆ ಮಾತನ್ನೇ ನಿಮ್ಮ ಭಾಷೆಯಲ್ಲಿ ಹೇಳಿದೆ. ಮಕ್ಕಳನ್ನು ಹಸಿದು ಕೂರಿಸಿದ್ದಕ್ಕೆ ತಪ್ಪಾಯಿತು.”

ನನಗೆ ಆಗ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಒಂದನ್ನು ಗಮನಿಸಿದೆ. ಅಲ್ಲಿಯ ತನಕ ಅವಳು ಪ್ರತಿ ಪದಕ್ಕೂ ಆಕಾಶ ನೋಡುತ್ತಿದ್ದಳು, ಪುಸ್ತಕದ ಹಾಳೆ ಅಲ್ಲಿ ತೂಗುಹಾಕಿದೆಯೇನೋ ಎಂಬಂತೆ. ಈಗ ಆ ಮುದುಕಿಯ ಕಣ್ಣನ್ನೇ ನೋಡುತ್ತ, ಎಡವುತ್ತ, ಎಡವಿದ್ದನ್ನು ಲೆಕ್ಕಿಸದೆ ಹೇಳುತ್ತಿದ್ದಳು.

ಗೇಟಿನ ಮೇಲೆ ಸಿಸ್ಟರ ಕೈಯಿತ್ತು. ಈಗ ಮುಚ್ಚುತ್ತಾರೆ ಎಂದುಕೊಂಡು ನಾನು ಬೇರೆ ಕಡೆ ನೋಡಿದೆ.

ಮಾತಾಡಿದವರು ಪಿಲಾರಮ್ಮ. ಇದನ್ನೂ ಸರೋಜಳೇ ಆಮೇಲೆ ಬಿಡಿಸಿ ಹೇಳಿದಳು. “ನನ್ನ ಮಗ ‘ಮೆ ಬೊಯ್, ಅಮ್ಮ’ ಎಂದ. ಹೋಗುತ್ತೇನೆ ಎಂದ. ಹೋದ.” ಶಾಲು ಎಳೆದುಕೊಂಡರು. “ಬೇರೆ ಮಾತೂ ಒಂದಿದೆ ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರು? ನಾನೂ ಹೇಳಿಕೊಡಲಿಲ್ಲ. ಈ ಹುಡುಗಿಗೆ ನಾನು ಹೊಣೆ ಮಾದ್ರೆ.”

“ಇವರು ನಿನಗೆ ಎಷ್ಟು ದಿನದ ಪರಿಚಯ?” ಎಂದು ಸಿಸ್ಟರು ಕೇಳಿದರು.

“ಎರಡು ಲೋಟ ಕಾಫಿಯಷ್ಟು. ಒಂದು ನನ್ನದು, ಒಂದು ಅವರದು. ನನ್ನದು ಕೆಟ್ಟದಾಗಿದೆ ಅಂತ ನನಗೇ ಹೇಳಿದಳು. ಸುಳ್ಳು ಹೇಳುವ ಹುಡುಗಿ ಅಲ್ಲ.”

ಸಿಸ್ಟರು ಗೇಟನ್ನು ಪೂರ್ತಿ ತೆರೆದರು. “ಸೂಪು ಆರುತ್ತಿದೆ” ಎಂದಷ್ಟೇ ಹೇಳಿ ಮುಂದೆ ನಡೆದರು.

ಊಟದ ಮನೆಯಲ್ಲಿ ಉದ್ದನೆಯ ಮೇಜುಗಳ ಎರಡೂ ಕಡೆ ಮಕ್ಕಳು ಚಮಚ ಹಿಡಿದು ಕೂತಿದ್ದರು. ಸರೋಜ ಒಳಗೆ ಕಾಲಿಟ್ಟದ್ದೇ ತಡ, ಅಷ್ಟೂ ಜನ ಒಟ್ಟಿಗೆ ಬೈದರು. ಅವಳು ಒಂದು ಸಣ್ಣ ಹುಡುಗಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು ತಿರುಗಿ ಏನೋ ಹೇಳಿದಳು. ಮಕ್ಕಳು ಗೊಳ್ಳೆಂದು ನಕ್ಕವು. ನನ್ನನ್ನು ಯಾರೂ ನೋಡಲಿಲ್ಲ, ಅವಳೂ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಸಂತೋಷವಾಯಿತು, ಒಂದು ಸಲವಾದರೂ ತಿರುಗಿ ನೋಡಬಾರದೇ ಎಂದೂ ಅನ್ನಿಸಿತು.

ಗೇಟು

ರಾತ್ರಿ ಪಿಲಾರಮ್ಮನ ಅಂಗಡಿಯಲ್ಲೇ ಮಲಗಿದ್ದು, ಮಾರನೆಯ ಬೆಳಿಗ್ಗೆ ಹೇಳಿ ಹೋಗಲು ಬಂದೆ. ಸರೋಜ ಓಡಿ ಬಂದು ಗೇಟಿನಾಚೆ ನಿಂತಳು, ಅವಳ ಹಿಂದೆ ಹಿರಿಯ ಸಿಸ್ಟರು. ಪರೀಕ್ಷೆಯಲ್ಲಿ ಗೆದ್ದರೆ ಈ ಮಗುವನ್ನು ಇನ್ನು ಮೂರು ವರ್ಷ ನೋಡುವುದಿಲ್ಲ. ಸೋಲಲಿ, ಮನೆಗೆ ಬರಲಿ ಎಂದು ಒಂದು ಕ್ಷಣ ಬೇಡಿಕೊಂಡೆ. ದೇವರು ಅದನ್ನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೇನೆ.

ಹುಟ್ಟಿದಂದಿನಿಂದ ಎಲ್ಲರ ಹೊಸ್ತಿಲಲ್ಲೂ ಹೇಳಿಕೊಂಡು ಬಂದ ಮಾತನ್ನು ಅವತ್ತು ಹೇಳಲು ಹಿಂಜರಿದೆ. ಆ ಮಾತನ್ನು ನಂಬಿ ಊಟ ನಿಲ್ಲಿಸಿ ಕಾಯುವವರು ಎದುರಿಗೇ ಇದ್ದರಲ್ಲ!

“ಹೇಳಿ ಅಪ್ಪಾಜಿ,” ಎಂದಳು ಸರೋಜ. ಅವಳ ಕಣ್ಣು ತುಂಬಿತ್ತು.

“ಹೋಗ್ಬತ್ತೀನಿ ಮಗ.”

“ಹೋಗ್ಬನ್ನಿ.”

ಸಿಸ್ಟರು ನನ್ನ ಕಡೆ ನೋಡಿದರು. ಅವರ ಊರಿನ ವಿದಾಯ ‘ಆದಿಯೋಸ್’, ಅದನ್ನು ಹೇಳಲು ಬಾಯಿ ತೆರೆದವರು ತಡೆದರು. ಆಮೇಲೆ ಒಂದೊಂದೇ ಪದವನ್ನು ನೋಡಿ ನೋಡಿ ಇಡುವವರಂತೆ ಹೇಳಿದರು: “ಬಾಯಾ ಇ ಬೆಂಗಾ.”

ಹೋಗಿ ಬನ್ನಿ. ಮರ್ಯಾದೆಯ ರೂಪವೂ ಸರಿಯಾಗಿತ್ತಂತೆ, ಸರೋಜ ಹೇಳಿದಳು.

ಕೊಡ್ಲಿಪೇಟೆ, ಮತ್ತೆ

ಮಳೆ ಹಿಂದೆಗೆದ ಮೇಲೆ ಒಂದು ದಿನ ಪೋಸ್ಟ್ ಮಾಸ್ಟರು ತಾವೇ ತಂತಿ ಹಿಡಿದು ತೋಟಕ್ಕೆ ಬಂದರು. ಮುಖದಲ್ಲಿ ತಪ್ಪು ಮಾಡಿದವರ ಕಳೆ.

“ಪಾಸ್ ಅಂತ ಐತೆ ಗೌಡ್ರೇ. ಗುರುವಾರ ಹಡಗು ಅಂತ ಐತೆ. ಅಷ್ಟು ಸರಿ. ಆಮೇಲಿನ ಪದ ಕೆಟ್ಟೋಗಿ ಬಂದಾವೆ. ವಾಯ್, ವೈ, ವೆಂಗೋ ಅಂತೆ. ಅರ್ಥಾನೇ ಇಲ್ಲ. ಮತ್ತೆ ಕೇಳಿಸ್ಲಾ?”

“ಬ್ಯಾಡ,” ಎಂದೆ. “ಸರಿಯಾಗೇ ಬಂದಾವೆ.” ಅವರಿಗೆ ಕಾಫಿ ಕೊಡಿಸಿ ಕಳಿಸಿದೆ.

ಅವ್ವ ಜಗಲಿಯಲ್ಲಿ ಮೊರದ ತುಂಬ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಆದರೂ ನಾನು ಹತ್ತಿರ ಕೂರುವ ತನಕ ತಲೆ ಎತ್ತಲಿಲ್ಲ.

“ಮೂರ್ ವರ್ಷವಾ?”

“ಮೂರ್ ವರ್ಷ ಕಣವ್ವ.”

“ಹೋಗುವಾಗ ಏನಂದ್ಲು?”

“ಹೋಗ್ಬತ್ತೀನಿ ಅಂತ ತಂತಿ ಕೊಟ್ಟವ್ಳೆ. ಹೇಳಿದ್ನಲ್ಲ, ಅವ್ರ ಭಾಷೇಲಿ ಹಂಗಂದ್ರೆ ಇಗೋ ಈಗ್ ಬಂದೆ ಅಂತ. ಸೂಪ್ ಆರೋದ್ರೂ ಉಣ್ಣದೆ ಕಾಯ್ತಾರೆ.”

ಅವ್ವ ಸೆರಗಿನಿಂದ ಮೂಗೊರೆಸಿಕೊಂಡು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

“ಹಂಗಾದ್ರೆ ಕಾಯಾಣ ಬುಡು,” ಎಂದಳು. “ಆರೋಗೋ ಅಂಥದ್ ಏನೂ ಮಾಡಿಲ್ಲ.”